ಕೇಳದೆ ಗೊತ್ತಾದ ಸಮಯ

ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ನನ್ನ ಅಪ್ಪ ಕುಳಿತುಕೊಳ್ಳುತ್ತಿದ್ದ ಗೂಡಿಗೆ ಒಂದು ಕಿಟಿಕಿ ಇತ್ತು. ಕಿಟಿಕಿ ಎಂದ ಕೂಡಲೇ ಗಾಳಿ ಬೆಳಕು ಬರುವ ಕಿಟಿಕಿಯನ್ನು ನೀವು ನೆನೆಸಿಕೊಳ್ಳಬಾರದು. ಹಲಗೆಯಲ್ಲಿ ಕೊರೆದ ಅರ್ಧಚಂದ್ರದಂಥ ಒಂದು ತೂತು, ಒಬ್ಬನ ಕೈ ಒಳಗೆ ಬಂದರೆ ಇನ್ನೊಬ್ಬನ ಕೈ ಹೊರಗೆ ಕಾಯಬೇಕು, ಅಷ್ಟೇ ಅಗಲ. ಅದರ ಕೆಳಗಿನ ಅಂಚು ಕಂಡಕ್ಟರುಗಳ ಮಣಿಕಟ್ಟು ಉಜ್ಜಿ ಉಜ್ಜಿ ನುಣುಪಾಗಿ, ಹಲಗೆಯ ಉಳಿದ ಭಾಗಕ್ಕಿಂತ ಬೇರೆಯದೇ ಬಣ್ಣಕ್ಕೆ ತಿರುಗಿತ್ತು. ಅಪ್ಪ ಅಲ್ಲಿ ಟೈಮ್ ಕೀಪರ್. ಖಾಸಗಿ ಬಸ್ಸುಗಳ ಊರಿನವರಿಗೆ ಆ ಕೆಲಸ ಏನೆಂದು ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ವೇಣೂರಿನ ಕಡೆಗೆ ಒಂದು ಬಸ್ಸು ಹೊರಟ ಐದು ನಿಮಿಷಕ್ಕೆ ಅದೇ ದಾರಿಯಲ್ಲಿ ಇನ್ನೊಂದು ಹೊರಡುತ್ತದೆ. ಆ ಐದು ನಿಮಿಷದಲ್ಲಿ ದಾರಿಯ ಬದಿಗೆ ಬಂದು ನಿಂತ ಜನರೇ ಎರಡನೆಯ ಬಸ್ಸಿನ ಜೀವ. ಮೊದಲಿನವನು ಎರಡು ನಿಮಿಷ ತಡ ಮಾಡಿದರೆ ಹಿಂದಿನವನು ಸ್ಟಿಯರಿಂಗ್ ಬಿಟ್ಟು ಇಳಿದು ಬಂದು ಅಂಗಿಯ ಕಾಲರ್ ಹಿಡಿಯುತ್ತಾನೆ. ಆದ್ದರಿಂದ ಸಮಯವನ್ನು ಒಬ್ಬ ಮನುಷ್ಯ ಕಾಯಬೇಕಾಗುತ್ತದೆ.

ತಮಾಷೆ ಏನೆಂದರೆ ಆ ಕಂಡಕ್ಟರುಗಳೆಲ್ಲರ ಕೈಯಲ್ಲೂ ವಾಚಿತ್ತು. ಭಾವನೋ ಅಣ್ಣನೋ ಗಲ್ಫಿನಿಂದ ತಂದುಕೊಟ್ಟ, ಬಿಸಿಲಿಗೆ ಹೊಳೆಯುವ ದಪ್ಪ ವಾಚುಗಳು. ಆದರೆ ಯಾವ ಎರಡು ವಾಚೂ ಒಂದೇ ಮಾತು ಹೇಳುತ್ತಿರಲಿಲ್ಲ. ಹಾಗಾಗಿ ಅಪ್ಪನ ಗೂಡಿನ ಒಳಗೋಡೆಯಲ್ಲಿದ್ದ, ಕೀಲಿ ಕೊಡುವ ಹಳೆಯ ಗಡಿಯಾರದ ಮಾತೇ ಕೊನೆಯ ಮಾತು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಬೆಳಗ್ಗಿನ ಮೊದಲ ಟ್ರಿಪ್ಪಿಗೆ ಕಂಡಕ್ಟರಿನ ಸಮಯದ ಚೀಟಿಗೆ ಅಪ್ಪನ ಸಹಿ. ಆಮೇಲೆ ದಿನವಿಡೀ ಬಸ್ಸಿನಿಂದ ಹಾರಿ, ಓಡಿ ಬಂದು, ತೂತಿಗೆ ಬಾಯಿ ಇಟ್ಟು ಒಂದೇ ಪ್ರಶ್ನೆ.

"ಎಷ್ಟಾಯ್ತು ಅಣ್ಣ?"

ಅಪ್ಪ ತಲೆ ಹಿಂದಕ್ಕೆ ತಿರುಗಿಸಿ, ಗೋಡೆ ನೋಡಿ, ಹೇಳುತ್ತಿದ್ದರು. ಅವನು ಓಡುತ್ತಿದ್ದ. ಮುಂದಿನವನು ಬರುತ್ತಿದ್ದ. (ಅವರೆಲ್ಲ ಮಾತಾಡುತ್ತಿದ್ದುದು ತುಳುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪ್ಪನ ದನಿಯಲ್ಲಿ ಸ್ವಲ್ಪ ವ್ಯತ್ಯಾಸ ಬಂದರೆ ಅದು ನನ್ನ ತಪ್ಪು.)

ನಾನು ನಮ್ಮ ಕುಟುಂಬದ ಮೊದಲ ಪದವೀಧರೆ. ಇದನ್ನು ಯಾರು ಕೇಳಿದರೂ ಕೇಳದಿದ್ದರೂ ಹೇಳುವ ಅಭ್ಯಾಸ ನನಗಿದೆ, ಅದಕ್ಕೆ ನಾಚಿಕೆಯೂ ಇಲ್ಲ. ಅಪ್ಪ ಓದಿದ್ದು ನಾಲ್ಕನೆಯ ತರಗತಿ. ಅಮ್ಮ ಬೀಡಿ ಸುತ್ತುತ್ತಲೇ ನನ್ನ ಮಗ್ಗಿ ಕೇಳಿದವರು, ತಪ್ಪಿದರೆ ಗೊತ್ತಾಗುತ್ತಿರಲಿಲ್ಲ, ತಡವರಿಸಿದರೆ ಮಾತ್ರ ಗೊತ್ತಾಗುತ್ತಿತ್ತು. ಬಾಯಿಪಾಠದಿಂದ ಬಿಎಸ್ಸಿ, ಹಟದಿಂದ ಎಂಸಿಎ ಮುಗಿಸಿ, ಅಪ್ಪನ ಗೂಡಿನಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಉಪನ್ಯಾಸಕಿಯಾದೆ. ಈ ದಾರಿಯುದ್ದಕ್ಕೂ ನಾನು ಕಂಡದ್ದು ಕಿಟಿಕಿಗಳನ್ನೇ. ಜಾತಿ ಸರ್ಟಿಫಿಕೇಟಿಗೆ ಒಂದು ಕಿಟಿಕಿ, ಹಾಸ್ಟೆಲ್ ಅರ್ಜಿಗೆ ಒಂದು, ಅಂಕಪಟ್ಟಿಗೆ ಒಂದು. ಓದಿದ ಮನೆಯ ಮಕ್ಕಳಿಗೆ ಊಟದ ಹೊತ್ತಿನ ಮಾತಿನಲ್ಲೇ ಗೊತ್ತಾಗುವ ಸಂಗತಿಗಳನ್ನು ನಾವು ಒಂದೊಂದಾಗಿ ಸರದಿಯಲ್ಲಿ ನಿಂತು ಕೇಳಿ ತಿಳಿಯಬೇಕಾಗಿತ್ತು. ನಾಳೆ ಬನ್ನಿ ಎಂದರೆ ನಾಳೆ ಹೋಗಬೇಕು.

ಆದ್ದರಿಂದಲೋ ಏನೋ, ಆಪರೇಟಿಂಗ್ ಸಿಸ್ಟಂ ಎಂಬ ವಿಷಯವನ್ನು ಓದುವಾಗ ನನಗೆ ಮನೆಗೆ ಬಂದ ಹಾಗಾಗಿತ್ತು. ಕಂಪ್ಯೂಟರಿನ ನಡುವೆ ಕರ್ನಲ್ ಎಂಬುದೊಂದು ಕುಳಿತಿರುತ್ತದೆ. ಗಡಿಯಾರ, ಡಿಸ್ಕು, ಮೆಮೊರಿ ಎಲ್ಲವೂ ಅದರ ವಶ. ನೀವು ನಾವು ಬರೆಯುವ ಪ್ರೋಗ್ರಾಂಗಳು ಹೊರಗಿನ ಜನ. ಸಮಯ ಎಷ್ಟಾಯಿತು ಎಂಬ ಸಣ್ಣ ವಿಷಯ ಬೇಕಿದ್ದರೂ ಪ್ರೋಗ್ರಾಂ ತನ್ನ ಕೆಲಸ ನಿಲ್ಲಿಸಿ, ಕರ್ನಲ್ಲಿನ ಬಾಗಿಲಿಗೆ ಹೋಗಿ, ಕೇಳಿ, ಕಾದು, ಉತ್ತರ ತೆಗೆದುಕೊಂಡು ಹಿಂದೆ ಬರಬೇಕು. ಇದಕ್ಕೆ ಸಿಸ್ಟಂ ಕಾಲ್ ಎನ್ನುತ್ತಾರೆ. ಹೋಗಿ ಬರುವುದಕ್ಕೆ ಹೊತ್ತು ಹಿಡಿಯುತ್ತದೆ, ಆದರೆ ಒಳಗಿನದು ಭದ್ರ. ತರಗತಿಯಲ್ಲಿ ನಾನು ಪ್ರತಿ ವರ್ಷ ಕೊಡುತ್ತಿದ್ದ ಉದಾಹರಣೆ ಯಾವುದೆಂದು ನೀವು ಊಹಿಸಿರಬಹುದು. ಬಸ್ ಸ್ಟ್ಯಾಂಡಿನ ಟೈಮ್ ಕೀಪರ್. ಕಂಡಕ್ಟರ್ ಒಳಗೆ ಕೈ ಹಾಕಿ ಮುಳ್ಳು ತಿರುಗಿಸುವ ಹಾಗಿಲ್ಲ, ಕಿಟಿಕಿಗೆ ಬಂದು ಕೇಳಬೇಕು. ಆ ಟೈಮ್ ಕೀಪರ್ ನನ್ನ ಅಪ್ಪ ಎಂದೂ ಸೇರಿಸುತ್ತಿದ್ದೆ. ಮಕ್ಕಳಿಗೆ ಪಾಠ ಮರೆತರೂ ಅಪ್ಪ ನೆನಪಿರುತ್ತಿದ್ದರು.

ಎರಡು ಸಾವಿರದ ಈಚೆಗಿನ ಒಂದು ವರ್ಷ ನಮ್ಮ ಲ್ಯಾಬಿಗೆ ಒಂದೇ ಒಂದು ಹೊಸ ಕಂಪ್ಯೂಟರು ಬಂತು. ಉಳಿದವೆಲ್ಲ ಹಳೆಯವೇ. ಆ ವರ್ಷದ ಒಂದು ಪ್ರಯೋಗ ಹೀಗಿತ್ತು: ಸಾವಿರ ಸಲ ಸಮಯ ಕೇಳುವ ಪ್ರೋಗ್ರಾಂ ಬರೆಯಿರಿ, ಅದು ಎಷ್ಟು ಸಲ ಕರ್ನಲ್ಲಿನ ಬಾಗಿಲಿಗೆ ಹೋಯಿತೆಂದು ಪಟ್ಟಿ ಮಾಡುವ ಇನ್ನೊಂದು ಪ್ರೋಗ್ರಾಂನಿಂದ ಪಟ್ಟಿ ತೆಗೆಯಿರಿ, ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ರೆಕಾರ್ಡಿಗೆ ಸಹಿ ಇಲ್ಲದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಎಲ್ಲರ ಪುಸ್ತಕದಲ್ಲೂ, ಬಾಗಿಲಿಗೆ ಹೋಗಿ ಕೇಳಿದ್ದನ್ನು ತೋರಿಸುವ ಒಂದೇ ಗೆರೆ ಸಾವಿರ ಸಲ ಬಂದಿತ್ತು ಎಂಬ ವಿವರವಿತ್ತು. ಸಫಿಯಾ ಎಂಬ ಹುಡುಗಿಯ ಪುಸ್ತಕದಲ್ಲಿ ಪ್ರೋಗ್ರಾಂ ಸಮಯವನ್ನು ಸರಿಯಾಗಿ ಹೇಳಿತ್ತು, ಕೇಳಿದ ಗೆರೆ ಮಾತ್ರ ಒಂದೂ ಇರಲಿಲ್ಲ.

"ಇದು ಎಂತ ಸಫಿಯಾ? ಸಮಯ ಕೇಳಿದ್ದು ಎಲ್ಲಿ?"

"ಕೇಳ್ಲಿಲ್ಲ ಮೇಡಂ."

"ಕೇಳದೆ ಅದಕ್ಕೆ ಹೇಗೆ ಗೊತ್ತಾಯ್ತು?"

"ಅದೇ ನನಗೂ ಗೊತ್ತಾಗ್ಲಿಲ್ಲ. ಮೂರು ಸಲ ನೋಡಿದೆ."

"ಮೂರು ಸಲ ನೋಡಿದ್ದಾ, ಇಲ್ಲಾ ಮೂರು ಸಲ ಅಳಿಸಿದ್ದಾ?"

ತರಗತಿ ನಕ್ಕಿತು. ನಗಲಿ ಎಂದೇ ನಾನು ಹೇಳಿದ್ದು. ಕೆಂಪು ಶಾಯಿಯಲ್ಲಿ, ಇಂಗ್ಲಿಷಿನಲ್ಲಿ, ಫಲಿತಾಂಶ ಕೃತಕ, ಪುನಃ ಮಾಡು ಎಂಬರ್ಥದ ಒಂದು ಸಾಲು ಬರೆದು ಪುಸ್ತಕ ಹಿಂದೆ ಕೊಟ್ಟೆ. ಅವಳು ನಾರಾವಿಯ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಅವಳ ಮನೆಯಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ಅವಳೇ ಎಂದು ಆಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಪರೀಕ್ಷೆಗೆ ಉಳಿದಿದ್ದುದು ಹತ್ತು ದಿನ.

ಆ ಸಂಜೆ ಲ್ಯಾಬ್ ಖಾಲಿಯಾದ ಮೇಲೆ, ಸುಮ್ಮನೆ ನನ್ನ ಸಮಾಧಾನಕ್ಕೆಂದು, ಬಾಗಿಲ ಹತ್ತಿರದ ಹಳೆಯ ಕಂಪ್ಯೂಟರಿನಲ್ಲಿ ಪ್ರಯೋಗ ಮಾಡಿದೆ. ಸಾವಿರ ಗೆರೆ ಬಂತು. ಸರಿ, ನಾನೇ ಸರಿ ಎಂದು ಚೀಲ ತೆಗೆದುಕೊಂಡು ಎದ್ದವಳು, ಏಕೋ ಸಫಿಯಾ ಕೂರುವ ಹೊಸ ಕಂಪ್ಯೂಟರಿನ ಎದುರು ಕುಳಿತೆ. ಒಂದು ಗೆರೆಯೂ ಬರಲಿಲ್ಲ. ಪುನಃ ಮಾಡಿದೆ. ಬರಲಿಲ್ಲ. ನನ್ನ ವಾಚಿನಲ್ಲಿ ಐದೂ ಹದಿನೆಂಟು. ಅದೂ ಐದೂ ಹದಿನೆಂಟು ಎಂದೇ ಹೇಳುತ್ತಿತ್ತು. ಯಾರನ್ನು ಕೇಳಿತು ಇದು? ಬಾಗಿಲು ತೆರೆಯಲಿಲ್ಲ, ಮುಚ್ಚಲಿಲ್ಲ, ಒಳಗಿನ ವಸ್ತು ಹೊರಗಿದೆ. ಮನೆಯ ಕಪಾಟಿಗೆ ಬೀಗ ಇದ್ದ ಹಾಗೇ ಇದ್ದು ಒಳಗಿನ ಸೀರೆ ಪಕ್ಕದ ಮನೆಯವಳ ಮೈಮೇಲೆ ಕಂಡರೆ ಹೇಗಾಗುತ್ತದೆ, ಹಾಗಾಯಿತು.

ಸಹೋದ್ಯೋಗಿಗಳನ್ನು ಕೇಳಬಹುದಾಗಿತ್ತು. ಕೇಳಲಿಲ್ಲ. ಇದನ್ನು ಹೇಗೆ ಹೇಳಲಿ ನಿಮಗೆ? ಅಪ್ಪ ಅಜ್ಜ ಓದಿದ ಮನೆಯಿಂದ ಬಂದವರು ಗೊತ್ತಿಲ್ಲ ಎಂದರೆ ಅದು ಬರೀ ಗೊತ್ತಿಲ್ಲದಿರುವುದು. ನಾನು ಗೊತ್ತಿಲ್ಲ ಎಂದರೆ ಇವಳಿಗೆ ಎಲ್ಲಿಂದ ಗೊತ್ತಿರಬೇಕು ಎಂದು ಯಾರೋ ಮನಸ್ಸಿನಲ್ಲೇ ಅಂದುಕೊಂಡಾರು ಎಂಬ ಭಯ. ಯಾರೂ ಅಂದುಕೊಳ್ಳುತ್ತಿರಲಿಲ್ಲವೇನೋ, ಆದರೆ ಆ ಭಯವನ್ನು ಹೊತ್ತುಕೊಂಡೇ ನಾನು ಅಷ್ಟು ಮೆಟ್ಟಿಲು ಹತ್ತಿದ್ದು, ಮೇಲೆ ಬಂದ ಮೇಲೆ ಅದನ್ನು ಎಲ್ಲಿ ಇಳಿಸುವುದೆಂದು ತಿಳಿದಿರಲಿಲ್ಲ.

ಎರಡು ದಿನ ಸೈಬರ್ ಸೆಂಟರಿನಲ್ಲಿ ಕುಳಿತು ಹುಡುಕಿದೆ. ಸಿಕ್ಕಿದ್ದನ್ನು ಅರ್ಧ ಅರ್ಥ ಮಾಡಿಕೊಂಡೆ. ಕರ್ನಲ್ ತನ್ನ ಮೆಮೊರಿಯ ಒಂದು ಪುಟದಲ್ಲಿ ಸಮಯದ ಲೆಕ್ಕ ಬರೆದಿಟ್ಟು, ಅದೇ ಪುಟವನ್ನು ಎಲ್ಲ ಪ್ರೋಗ್ರಾಂಗಳ ಕಣ್ಣಿಗೂ ಬೀಳುವ ಹಾಗೆ ಮಾಡುತ್ತದಂತೆ. ಓದಬಹುದು, ತಿದ್ದುವ ಹಾಗಿಲ್ಲ. ಬಾಗಿಲಿಗೆ ಹೋಗಿ ಬರುವ ಹೊತ್ತು ಉಳಿಯುತ್ತದೆ. ಹಳೆಯ ಕಂಪ್ಯೂಟರಿನ ಕರ್ನಲ್ಲಿಗೆ ಈ ಔದಾರ್ಯ ಇನ್ನೂ ಬಂದಿರಲಿಲ್ಲ. ಓದಿ ನನಗೆ ಸಂತೋಷವಾಗಬೇಕಿತ್ತು, ಸಿಟ್ಟು ಬಂತು. ಹೀಗೆ ತೋರಿಸುವುದೇ ಆಗಿದ್ದರೆ ಅಷ್ಟು ವರ್ಷ ಗೋಡೆ ಏಕೆ, ಬಾಗಿಲು ಏಕೆ? ಒಳಗಿನದನ್ನು ಕೇಳದೆ ಕೊಡುವವನು ಎಂಥ ಕಾವಲುಗಾರ? ಮತ್ತೆ, ಅದು ಬರೆಯುತ್ತಿರುವಾಗಲೇ ಒಬ್ಬ ಓದಿದರೆ? ಅರ್ಧ ಹಳೆಯದು, ಅರ್ಧ ಹೊಸತು ಸೇರಿ ಎಂದೂ ಇಲ್ಲದ ಒಂದು ಸಮಯ ಅವನಿಗೆ ಕಾಣುವುದಿಲ್ಲವೇ?

ಇದನ್ನೇ ತಲೆಯಲ್ಲಿ ಕುಟ್ಟಿಕೊಳ್ಳುತ್ತ ಸಂಜೆ ವೇಣೂರಿನ ಬಸ್ಸಿಗಾಗಿ ಅಪ್ಪನ ಗೂಡಿನ ಹತ್ತಿರ ನಿಂತಿದ್ದೆ. ಅಪ್ಪನ ಕಿಟಿಕಿಯಲ್ಲಿ ಯಾರೂ ಇರಲಿಲ್ಲ. ನಾಲ್ಕು ಬಸ್ಸು ಬಂದವು, ನಾಲ್ಕು ಹೋದವು, ಒಬ್ಬನೂ ಇಳಿದು ಓಡಿ ಬರಲಿಲ್ಲ.

"ಇವರು ಎಂತ ಅಪ್ಪ, ಕೇಳದೆ ಹೋಗ್ತಿದ್ದಾರೆ?"

"ಕೇಳಿ ಎಂತ ಮಾಡ್ಲಿಕ್ಕುಂಟು? ಅಲ್ಲಿ ಕಾಣ್ತದಲ್ಲ."

ನಾನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಗಡಿಯಾರ ಗೂಡಿನ ಹೊರಗೋಡೆಯಲ್ಲಿ, ಬಸ್ಸುಗಳ ಕಡೆಗೆ ಮುಖ ಮಾಡಿ, ಕೋಳಿಗೂಡಿನ ತಂತಿಬಲೆಯೊಳಗೆ ನೇತಾಡುತ್ತಿತ್ತು. ಬಸ್ಸುಗಳು ಹೆಚ್ಚಾಗಿ, ಕಿಟಿಕಿಯ ಮುಂದೆ ತಳ್ಳಾಟವಾಗಿ, ಸಮಯ ಕೇಳಲು ಬಂದವನಿಗೇ ಸಮಯ ತಪ್ಪುತ್ತಿದ್ದುದರಿಂದ ಅಪ್ಪ ಹಾಗೆ ಮಾಡಿದ್ದರು. ಮಾಡಿ ಒಂದು ತಿಂಗಳಾಗಿತ್ತಂತೆ. ದಿನಾ ಅಲ್ಲೇ ನಿಲ್ಲುತ್ತಿದ್ದ ನಾನು ನೋಡಿರಲಿಲ್ಲ. ನನ್ನ ತರಗತಿಯ ಉದಾಹರಣೆಯಲ್ಲಿ ಗಡಿಯಾರ ಒಳಗೇ ಇತ್ತಲ್ಲ.

"ಯಾರಾದರೂ ಮುಳ್ಳು ತಿರುಗಿಸಿದರೆ?"

"ಬಲೆ ಮತ್ತೆ ಎಂತಕ್ಕೆ? ನೋಡ್ಲಿಕ್ಕೆ ಮಾತ್ರ. ಬಲೆಯ ಬೀಗದ ಕೈ ನನ್ನ ಹತ್ರ."

"ನೀವು ತಿರುಗಿಸುವಾಗ ಯಾರಾದರೂ ನೋಡಿದರೆ?"

ಅಪ್ಪ ನಕ್ಕರು. "ನೋಡಿದ್ದಾನೆ ಒಬ್ಬ. ನಮ್ಮ ವಲೇರಿಯನ್ ಇಲ್ವಾ, ನಾರಾವಿ ಬಸ್ಸಿನ ಕಂಡಕ್ಟರ್, ಅವನೇ. ರೇಡಿಯೋದಲ್ಲಿ ಪೀಂ ಪೀಂ ಅಂತ ಬರುವಾಗ ನಾನು ಮುಳ್ಳು ಸರಿ ಮಾಡ್ತಾ ಇದ್ದೆ. ಕೈ ತಪ್ಪಿ ಹತ್ತು ನಿಮಿಷ ಮುಂದೆ ಹೋಯ್ತು. ಹಿಂದೆ ತರುವಷ್ಟರಲ್ಲಿ ಅವ ವಿಸಿಲ್ ಹಾಕಿ ಹೊರಟಾಯ್ತು. ಹಿಂದಿನ ಬಸ್ಸಿನವ ಬಂದು ನನ್ನ ಹತ್ರ ಜಗಳ. ಅದರ ನಂತರ ಬೈರಾಸು ಹಾಕ್ತೇನೆ."

ಬೈರಾಸು ಎಂದರೆ ನಮ್ಮ ಕಡೆ ಹೆಗಲ ಮೇಲಿನ ತೆಳ್ಳಗಿನ ಟವೆಲು. ಮುಳ್ಳು ತಿರುಗಿಸುವ ಮೊದಲು ಅಪ್ಪ ಅದನ್ನು ಬಲೆಯ ಮೇಲೆ ಹಾಸುತ್ತಾರೆ, ಮುಗಿದ ಮೇಲೆ ತೆಗೆಯುತ್ತಾರೆ. ಬೈರಾಸು ಕಂಡರೆ ಕಾಯಬೇಕು, ತೆಗೆದ ಮೇಲೆ ನೋಡಬೇಕು ಎಂದು ಎಲ್ಲ ಕಂಡಕ್ಟರುಗಳಿಗೂ ಗೊತ್ತು.

"ಆದರೆ ಅಪ್ಪ, ಒಬ್ಬ ಗಂಟೆಯ ಮುಳ್ಳು ನೋಡಿದ, ಅಷ್ಟರಲ್ಲಿ ನೀವು ಬೈರಾಸು ಹಾಕಿ ತೆಗೆದಿರಿ, ಆಮೇಲೆ ಅವ ನಿಮಿಷದ ಮುಳ್ಳು ನೋಡಿದ, ಆಗ?"

"ಹಾಗೆ ಯಾರು ನೋಡ್ತಾರೆ ಮಗಾ, ಒಂದು ಕಣ್ಣು ಈಗ, ಒಂದು ಕಣ್ಣು ಆಮೇಲೆ? ಕಾಲೇಜಿನಲ್ಲಿ ಇದನ್ನು ಕಲಿಸುವುದಾ ನೀನು?"

ಆಗ ಯಾರೋ ದಾರಿಹೋಕರು ಕಿಟಿಕಿಯ ಹತ್ತಿರ ಬಂದು ಕಾರ್ಕಳದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಅಪ್ಪ ಅಭ್ಯಾಸಬಲದಿಂದ ತಲೆ ಹಿಂದಕ್ಕೆ ತಿರುಗಿಸಿದರು. ಗೋಡೆಯಲ್ಲಿ ಗಡಿಯಾರವಿದ್ದ ಜಾಗ ಬೆಳ್ಳಗೆ, ದುಂಡಗೆ ಉಳಿದಿತ್ತು. ಗೂಡಿನಿಂದ ಇಳಿದು, ಹೊರಗೆ ಬಂದು, ಎಲ್ಲರ ಹಾಗೆ ತಲೆಯೆತ್ತಿ ನೋಡಿ, ಉತ್ತರ ಹೇಳಿದರು. ಅವರಿಗೆ ಇದರಿಂದ ಆರಾಮವಾಗಿದೆಯೇ ಬೇಸರವಾಗಿದೆಯೇ ಎಂದು ನನಗೆ ತಿಳಿಯಲಿಲ್ಲ. ಕೇಳಿದ್ದರೆ ಅವರಿಗೂ ತಿಳಿಯುತ್ತಿರಲಿಲ್ಲವೇನೋ. ದಿನಕ್ಕೆ ನೂರಾರು ಸಲ ಅಣ್ಣ ಎಂದು ಕರೆಸಿಕೊಂಡ ಮನುಷ್ಯ ಅವರು.

ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ನನ್ನ ಪದವಿಯ ಫಲಿತಾಂಶವನ್ನು ನಾನು ಯಾವ ಕಿಟಿಕಿಯಲ್ಲೂ ಕೇಳಿರಲಿಲ್ಲ. ಕಾಲೇಜಿನ ಜಗಲಿಯಲ್ಲಿ, ಬಲೆ ಹಾಕಿದ ಬೋರ್ಡಿನಲ್ಲಿ ನೋಡಿದ್ದೆ. ಬಲೆಯೊಳಗೆ ಬೆರಳು ತೂರಿಸಿ ನನ್ನ ನಂಬರನ್ನು ಮುಟ್ಟಲು ಹೊರಟಿದ್ದೆ. ಬೆರಳು ಮುಟ್ಟಲಿಲ್ಲ, ಕಣ್ಣು ಮುಟ್ಟಿತು. ಅಂದು ಆ ಬೋರ್ಡು ಯಾರ ಔದಾರ್ಯ ಎಂದು ನಾನು ಕೇಳಿರಲಿಲ್ಲ. ಈಗ ಮಾತ್ರ, ನಾನೇ ಒಂದು ಕಿಟಿಕಿಯ ಒಳಗೆ ಕುಳಿತ ಮೇಲೆ, ಕೇಳದೆ ತಿಳಿದುಕೊಂಡವಳು ಕಳ್ಳಿಯಾಗಿ ಕಂಡಳಲ್ಲ ಎಂದು ಅನ್ನಿಸಿತು. ಅನ್ನಿಸಿದ್ದು ನಿಜ. ಅದರಿಂದ ನನ್ನ ಗೊಂದಲವೇನೂ ಇಳಿಯಲಿಲ್ಲ. ಅಪ್ಪನ ಬೈರಾಸು ಕಂಡಕ್ಟರಿಗೆ ಸಾಕು. ಕಂಪ್ಯೂಟರು ನಿಜವಾಗಿಯೂ ಒಂದು ಕಣ್ಣು ಈಗ, ಒಂದು ಕಣ್ಣು ಆಮೇಲೆ ಎಂದು ನೋಡುವ ಪ್ರಾಣಿ.

ಮರುದಿನ ಸಫಿಯಾಳನ್ನು ನಾನೇ ಕರೆಯಬೇಕೆಂದಿದ್ದೆ. ಅದಕ್ಕೆ ಮೊದಲೇ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ರೆಕಾರ್ಡ್ ಪುಸ್ತಕ ಹಿಡಿದು ನಿಂತಿದ್ದಳು.

"ಸಹಿ ಬೇಕಿತ್ತು ಮೇಡಂ. ಪುನಃ ಮಾಡಿದ್ದೇನೆ."

ಪುಸ್ತಕ ತೆರೆದೆ. ನನ್ನ ಕೆಂಪು ಶಾಯಿಯ ಹಾಳೆ ಇರಲಿಲ್ಲ. ಅದರ ಜಾಗದಲ್ಲಿ ಹೊಸ ಹಾಳೆ. ಅದರಲ್ಲಿ ನಾನು ಕೇಳಿದ್ದ ಗೆರೆ, ಸಾವಿರ ಸಲ ಬಂತೆಂಬ ವಿವರ, ಅಡಿಪಟ್ಟಿ ಇಟ್ಟು ಎಳೆದ ಅಂಚು, ಮುತ್ತಿನಂಥ ಅಕ್ಷರ. ಅವಳ ಕಂಪ್ಯೂಟರಿನಲ್ಲಿ ಆ ಗೆರೆ ಒಂದು ಸಲವೂ ಬರಲಾರದು ಎಂದು ಈಗ ನನಗೆ ಗೊತ್ತಿತ್ತು.

"ಇದು ಎಲ್ಲಿಂದ ಬಂತು?"

ಅವಳು ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳು.

"ಸಫಿಯಾ, ಇದು ನಿನಗೆ ಬಂತಾ?"

"ಇಲ್ಲ ಮೇಡಂ. ಬೇರೆಯವರದ್ದು ನೋಡಿ ಬರೆದೆ. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಬಿಡುವುದಿಲ್ವಲ್ಲ. ಮನೆಯಲ್ಲಿ ಎಂತ ಹೇಳ್ಲಿ?"

ಸತ್ಯ ಬರೆದಾಗ ಕೃತಕ ಎಂದೆ. ಕೃತಕ ಬರೆಯುವ ಹಾಗೆ ಮಾಡಿದೆ. ಇಷ್ಟು ಸರಳವಾಗಿ ಆಗ ನನಗೆ ತೋಚಲಿಲ್ಲ. ಕೈಯಲ್ಲಿ ಪೆನ್ನು ಹಿಡಿದು, ಯಾವ ಪುಟಕ್ಕೆ ಸಹಿ ಹಾಕಲಿ ಎಂದು ತಿಳಿಯದೆ ಕುಳಿತಿದ್ದೆ, ಅಷ್ಟೇ.

"ಮೊದಲಿನದು ಎಲ್ಲಿದೆ?"

"ಚೀಲದಲ್ಲಿ ಉಂಟು."

"ಅದೇ ಸರಿ. ತಪ್ಪಿದ್ದು ನಾನು."

ಅವಳ ಮುಖದಲ್ಲಿ ಗೆದ್ದ ಸಂತೋಷ ಕಾಣುತ್ತದೆಂದು ಕಾದೆ. ಕಾಣಲಿಲ್ಲ. "ನನಗೆ ಗೊತ್ತಿತ್ತು ಮೇಡಂ," ಎಂದಳು ಮೆತ್ತಗೆ. "ನೀವು ಪುನಃ ಮಾಡು ಅಂದ ಮೇಲೆ ಹುಡುಕಿದೆ. ಆ ಕಂಪ್ಯೂಟರಿನ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಮೂಲ ಬರಹವೆಲ್ಲ ಅದರಲ್ಲೇ ಉಂಟಲ್ಲ. ಓದಿದೆ."

ಹಾಗಾದರೆ ಹೇಳು ಎಂದು ನಾನು ಕೇಳಿದ್ದು ಅವಳಿಗಿಂತ ನನಗೇ ಹೊಸತು. ಬರೆಯುತ್ತಿರುವಾಗ ಓದಿದರೆ ಏನಾಗುತ್ತದೆ? ಅವಳು ನನ್ನ ಮೇಜಿನ ಮೇಲಿನ ಕಾಗದದಲ್ಲಿ ಬರೆದು ತೋರಿಸಿದಳು. ಆ ಪುಟದ ತಲೆಯಲ್ಲಿ ಒಂದು ಸಂಖ್ಯೆ ಇರುತ್ತದಂತೆ. ಬರೆಯಲು ತೊಡಗುವಾಗ ಕರ್ನಲ್ ಅದಕ್ಕೆ ಒಂದು ಕೂಡಿಸುತ್ತದೆ, ಮುಗಿದ ಮೇಲೆ ಇನ್ನೊಂದು. ಓದುವವನು ಮೊದಲು ಸಂಖ್ಯೆ ನೋಡಬೇಕು. ಅದು ಬೆಸವಾಗಿದ್ದರೆ ಬರಹ ನಡೆಯುತ್ತಿದೆ ಎಂದು ಕಾಯಬೇಕು. ಸಮವಾಗಿದ್ದರೆ ಸಮಯ ಓದಿ, ಪುನಃ ಸಂಖ್ಯೆ ನೋಡಬೇಕು. ಎರಡೂ ಸಲ ಒಂದೇ ಇದ್ದರೆ ಓದಿದ್ದು ಸರಿ. ಬದಲಾಗಿದ್ದರೆ ಓದಿದ್ದನ್ನು ಬಿಟ್ಟು ಮೊದಲಿನಿಂದ ಓದಬೇಕು.

"ಎಷ್ಟು ಸಲ?"

"ಸರಿಯಾಗುವ ತನಕ."

ಮೊದಲಿನ ಹಾಳೆಯನ್ನು ಅಂಟಿಸಿ, ನನ್ನ ಕೆಂಪು ಸಾಲನ್ನು ಹೊಡೆದು ಹಾಕಿ ಸಹಿ ಮಾಡಿದೆ. ಆ ಮಧ್ಯಾಹ್ನವೇ ತರಗತಿಯಲ್ಲಿ, ಅವಳನ್ನು ನೋಡಿ ನಕ್ಕವರ ಎದುರಿಗೆ, ತಪ್ಪು ನನ್ನದೆಂದು ಹೇಳಿದೆ. ಯಾರೂ ನಗಲಿಲ್ಲ; ಹಿಂದಿನ ಬೆಂಚಿನವನೊಬ್ಬ, "ಹಾಗಾದರೆ ನಾವು ಬರೆದದ್ದು ತಪ್ಪಾ ಮೇಡಂ?" ಎಂದ. ಅಲ್ಲ, ನಿಮ್ಮ ಕಂಪ್ಯೂಟರಿಗೆ ಅದೂ ಸರಿ ಎಂದೆ. ಅವರ ಮುಖ ನೋಡಿದರೆ ಪಾಠ ಅರ್ಥವಾಗುವ ಬದಲು ಇನ್ನಷ್ಟು ಕೆಟ್ಟುಹೋಗಿತ್ತು. ತರಗತಿ ಮುಗಿದ ಮೇಲೆ ಸಫಿಯಾ ಹತ್ತಿರ ಬಂದಳು.

"ಮೇಡಂ, ಹೊರಗಿನಿಂದ ಬರುವ ಎಕ್ಸಾಮಿನರ್ ಕೇಳಿದರೆ ಎಂತ ಹೇಳ್ಲಿ? ಪಠ್ಯಪುಸ್ತಕದಲ್ಲಿ ಬೇರೆ ಉಂಟಲ್ಲ."

ಪಠ್ಯದಲ್ಲಿದ್ದುದನ್ನು ಹೇಳಿದರೆ ಅಂಕ ಖಚಿತ. ಕಂಡದ್ದನ್ನು ಹೇಳಿದರೆ ಬರುವವರು ಮೂರು ದಿನ ಹಿಂದಿನ ನನ್ನ ಹಾಗೆ ಇರಬಹುದು. ಅವಳ ಜಾಗದಲ್ಲಿ ನಾನಿದ್ದರೆ ಪಠ್ಯವನ್ನೇ ಹೇಳುತ್ತಿದ್ದೆ. ಹಾಗೆ ಹೇಳಿ ಹೇಳಿಯೇ ನಾನು ಮೇಲೆ ಬಂದದ್ದು.

"ಗೊತ್ತಿಲ್ಲ," ಎಂದೆ. "ನಿನಗೆ ಯಾವುದಕ್ಕೆ ಧೈರ್ಯ ಬರ್ತದೋ ಅದನ್ನು ಹೇಳು. ನಾನು ಅಲ್ಲೇ ಇರ್ತೇನೆ."

ಪರೀಕ್ಷೆಗೆ ಬಂದವರು ನನಗಿಂತ ಹಿರಿಯರು, ಮಾತು ಕಡಿಮೆ. ಸಫಿಯಾಳ ಪುಸ್ತಕ ತಿರುವುತ್ತ ಆ ಹಾಳೆಯಲ್ಲಿ ನಿಂತರು. ಹೊಡೆದು ಹಾಕಿದ ಕೆಂಪು ಸಾಲನ್ನು ಕನ್ನಡಕ ಸರಿಪಡಿಸಿಕೊಂಡು ಓದಿದರು. "ಸಮಯ ಬೇಕಾದರೆ ಪ್ರೋಗ್ರಾಂ ಎಲ್ಲಿಗೆ ಹೋಗಬೇಕಮ್ಮ?"

"ಎಲ್ಲಿಗೂ ಹೋಗಬೇಕಾಗಿಲ್ಲ ಸರ್. ಈ ಕಂಪ್ಯೂಟರಿನಲ್ಲಿ."

ಅವರು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಇವಳ ಮೇಡಂ ಇದನ್ನೇ ಕಲಿಸಿದ್ದೇ ಎಂಬ ನೋಟ. ನಾನು ಎದ್ದು ನಿಂತೆ.

"ಸರ್, ಅದು ಸುಳ್ಳು ಅಂತ ಮೊದಲು ಬರೆದದ್ದು ನಾನೇ. ಆ ಕೆಂಪು ಶಾಯಿ ನನ್ನದು. ಅವಳು ಸರಿ."

"ಹೇಗೆ?"

"ನನಗೆ ಪೂರ್ತಿ ಗೊತ್ತಿಲ್ಲ," ಎಂದೆ. ಹತ್ತು ವರ್ಷ ಹೇಳದೆ ಉಳಿಸಿಕೊಂಡಿದ್ದ ಮಾತು ಒಂದೇ ವಾರದಲ್ಲಿ ಎರಡನೆಯ ಸಲ ಬಾಯಿಂದ ಬಂದಿತ್ತು. "ಅವಳು ಹೇಳ್ತಾಳೆ."

ಅವರು ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿ ಬೋರ್ಡಿನ ಕಡೆಗೆ ತಿರುಗಿದರು. ಸಫಿಯಾ ಸೀಮೆಸುಣ್ಣ ಎತ್ತಿಕೊಂಡು ಒಂದು ಚೌಕ ಬರೆದಳು, ಅದರ ತಲೆಯಲ್ಲಿ ಒಂದು ಸಂಖ್ಯೆ ಬರೆದಳು, ತಡವರಿಸಿದಳು, ಒರೆಸಿ ಪುನಃ ಬರೆದಳು. ಅವಳ ಮೂರನೆಯ ವಾಕ್ಯ ಬರುವ ಹೊತ್ತಿಗೆ ಆ ಹಿರಿಯರು ಅದನ್ನು ಬರೆದುಕೊಳ್ಳಲು ಕಿಸೆಯಲ್ಲಿ ಪೆನ್ನು ಹುಡುಕುತ್ತಿದ್ದರು. ನನ್ನದನ್ನು ಕೊಡೋಣವೆಂದು ನೋಡಿದರೆ, ನಾನಾಗಲೇ ಅದರಲ್ಲಿ ಬರೆದುಕೊಳ್ಳುತ್ತಿದ್ದೆ.